ಕಾವಲುಗಾರನ ಗೋಲು

ಫುಟ್‌ಬಾಲ್ ಆಟವನ್ನು ನೋಡುವವರ ಕಣ್ಣುಗಳು ಚೆಂಡಿನ ಬೆನ್ನ ಹಿಂದೆಯೇ ಓಡುತ್ತಿರುತ್ತವೆ. ಚೆಂಡು ಯಾರ ಕಾಲಿನಲ್ಲಿದೆಯೋ ಆತನೇ ಆ ಗಳಿಗೆಯ ನಾಯಕ. ಆದರೆ ಮೈದಾನದ ಎರಡು ತುದಿಗಳಲ್ಲಿ ಇಬ್ಬರು ಆಟಗಾರರು ಬಹಳ ಹೊತ್ತು ಚೆಂಡಿನಿಂದ ದೂರವಾಗಿ, ಒಂಟಿಯಾಗಿ ನಿಂತಿರುತ್ತಾರೆ. ಇವರೇ ಗೋಲ್‌ಕೀಪರುಗಳು, ಎಂದರೆ ಗೋಲಿನ ಕಾವಲುಗಾರರು. ಇವರ ಅಂಗಿಯ ಬಣ್ಣವೂ ಬೇರೆ, ಇವರಿಗಿರುವ ನಿಯಮವೂ ಬೇರೆ. ತಂಡದ ಹನ್ನೊಂದು ಮಂದಿಯಲ್ಲಿ ಆಟ ನಡೆಯುತ್ತಿರುವಾಗ ಚೆಂಡನ್ನು ಕೈಯಿಂದ ಹಿಡಿಯುವ ಅಧಿಕಾರ ಇವರೊಬ್ಬರಿಗೆ ಮಾತ್ರ ಉಂಟು. ಅದೂ ತಮ್ಮ ಗೋಲಿನ ಮುಂದೆ ಗೆರೆ ಎಳೆದು ಗುರುತಿಸಿದ ಅಂಗಳದೊಳಗೆ ಮಾತ್ರ. 1912ಕ್ಕೆ ಮೊದಲು ಮೈದಾನದ ತಮ್ಮ ಅರ್ಧ ಭಾಗದಲ್ಲೆಲ್ಲ ಕೈ ಬಳಸುವ ಸ್ವಾತಂತ್ರ್ಯ ಅವರಿಗಿತ್ತು. ಆ ವರ್ಷದ ನಿಯಮ ಅವರನ್ನು ಗೋಲಿನ ಸಮೀಪಕ್ಕೆ ಕಟ್ಟಿಹಾಕಿತು.

ಗೋಲಿನ ಅಗಲ 7.32 ಮೀಟರು, ಎತ್ತರ 2.44 ಮೀಟರು. ಅಷ್ಟು ದೊಡ್ಡ ಬಾಗಿಲನ್ನು ಒಬ್ಬ ಮನುಷ್ಯ ಎರಡು ಕೈಗಳಿಂದ ಕಾಯಬೇಕು. ಫಸಲಿನ ಕಾಲದಲ್ಲಿ ಅಟ್ಟಣೆಯ ಮೇಲೆ ಕುಳಿತು ಹೊಲ ಕಾಯುವವನನ್ನು ನೀವು ಕಂಡಿರಬಹುದು. ಹಕ್ಕಿಗಳು ಬಾರದ ದಿನ ಅವನ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಅವು ಬಂದು ತೆನೆ ತಿಂದುಹೋದ ದಿನ ಮನೆಮಂದಿಯೆಲ್ಲ ಅವನನ್ನೇ ಬೈಯುತ್ತಾರೆ. ಗೋಲ್‌ಕೀಪರನ ಪಾಡೂ ಅಂಥದೇ. ಮುಂದೆ ನಿಂತು ಆಡುವವನು ಹತ್ತು ಸಲ ಗುರಿ ತಪ್ಪಿ ಒಂದು ಸಲ ಗೋಲು ಹೊಡೆದರೆ ಜನ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಹಿಂದೆ ನಿಂತವನು ಹತ್ತು ಸಲ ಚೆಂಡನ್ನು ತಡೆದು ಒಂದು ಸಲ ತಪ್ಪಿದರೆ ಆ ತಪ್ಪೊಂದೇ ಎಲ್ಲರ ನೆನಪಿನಲ್ಲಿ ಉಳಿಯುತ್ತದೆ.

ಇಂಥ ಒಬ್ಬ ಕಾವಲುಗಾರನ ಬಾಳಿನ ಕಥೆಯನ್ನು ಈ ಪಾಠದಲ್ಲಿ ನೋಡೋಣ. ಆತ ಪ್ರಪಂಚವನ್ನು ಗೆದ್ದ ಆಟಗಾರನಲ್ಲ. ತನ್ನ ದೇಶದ ತಂಡಕ್ಕೆ ಆಡಿದವನೂ ಅಲ್ಲ. ಇಂಗ್ಲೆಂಡಿನ ಕೆಳದರ್ಜೆಯ ತಂಡಗಳಲ್ಲಿ ಊರೂರು ಅಲೆದು ಆಡಿದ ಒಬ್ಬ ಸಾಮಾನ್ಯ ಗೋಲ್‌ಕೀಪರ್. ಅವನ ಹೆಸರು ಜಿಮ್ಮಿ ಗ್ಲಾಸ್.

ಆತನ ಕಥೆ ಅರ್ಥವಾಗಬೇಕಾದರೆ ಇಂಗ್ಲೆಂಡಿನ ಫುಟ್‌ಬಾಲ್ ವ್ಯವಸ್ಥೆಯ ಪರಿಚಯ ಸ್ವಲ್ಪ ಬೇಕು. ಆ ದೇಶದಲ್ಲಿ 1888ರಲ್ಲಿ 12 ತಂಡಗಳು ಸೇರಿ ಫುಟ್‌ಬಾಲ್ ಲೀಗ್ ಎಂಬ ಕೂಟವನ್ನು ಕಟ್ಟಿಕೊಂಡವು. ಬರಬರುತ್ತ ಅದು ಬೆಳೆದು ಮೆಟ್ಟಿಲು ಮೆಟ್ಟಿಲಾಗಿ ನಾಲ್ಕು ದರ್ಜೆಗಳಾಯಿತು. 1992ರಲ್ಲಿ ಮೇಲಿನ ದರ್ಜೆಯ ತಂಡಗಳು ಬೇರೆಯಾಗಿ ಪ್ರೀಮಿಯರ್ ಲೀಗ್ ಎಂಬ ಹೆಸರಿನಿಂದ ಆಡತೊಡಗಿದವು. ನಮ್ಮ ಕಥೆ ನಡೆದ 1999ರಲ್ಲಿ ಮೇಲೆ 20 ತಂಡಗಳೂ ಕೆಳಗಿನ ಮೂರು ದರ್ಜೆಗಳಲ್ಲಿ 72 ತಂಡಗಳೂ ಇದ್ದವು. ಪ್ರತಿ ವರ್ಷ ಚೆನ್ನಾಗಿ ಆಡಿದ ತಂಡಗಳು ಮೇಲಿನ ಮೆಟ್ಟಿಲನ್ನು ಏರುತ್ತವೆ; ಸೋತು ಕೊನೆಗೆ ಉಳಿದವು ಕೆಳಗೆ ಇಳಿಯುತ್ತವೆ. ಎಲ್ಲಕ್ಕಿಂತ ಕೆಳಗಿನ ದರ್ಜೆಯಲ್ಲಿ 24 ತಂಡಗಳು. ಅವುಗಳಲ್ಲಿ ಕಡೆಯ ಸ್ಥಾನಕ್ಕೆ ಬಿದ್ದ ತಂಡ ಆ ವರ್ಷ ಲೀಗಿನಿಂದಲೇ ಹೊರಗೆ ಹೋಗಬೇಕಾಗಿತ್ತು.

ಹೊರಗೆ ಹೋಗುವುದೆಂದರೆ ಬರಿಯ ಅವಮಾನದ ಮಾತಲ್ಲ. ಆಟ ನೋಡಲು ಬರುವವರು ಕಡಿಮೆಯಾಗುತ್ತಾರೆ, ಆದಾಯ ಕುಗ್ಗುತ್ತದೆ, ಆಟಗಾರರು ಬೇರೆ ಊರಿಗೆ ಹೋಗುತ್ತಾರೆ, ಟಿಕೆಟ್ ಕೊಡುವವರಿಂದ ಹಿಡಿದು ಹುಲ್ಲು ಕತ್ತರಿಸುವವರವರೆಗೆ ಹಲವರ ಅನ್ನಕ್ಕೆ ಸಂಚಕಾರ ಬರುತ್ತದೆ. ಅಲ್ಲದೆ ಇಂಗ್ಲೆಂಡಿನ ಸಣ್ಣ ಊರುಗಳಲ್ಲಿ ತಂಡವೆಂದರೆ ಊರಿನ ಮಾನ. ತಾತ ಕುಳಿತ ಕಡೆಯಲ್ಲಿಯೇ ಮೊಮ್ಮಗ ಕುಳಿತು ಆಟ ನೋಡುತ್ತಾನೆ. ಶನಿವಾರದ ಮಧ್ಯಾಹ್ನ ತಂಡ ಗೆದ್ದರೆ ಊರಿನ ಮುಖ ಅರಳುತ್ತದೆ, ಸೋತರೆ ಬಾಡುತ್ತದೆ.

ಜಿಮ್ಮಿ ಗ್ಲಾಸ್ 1973ರಲ್ಲಿ ಇಂಗ್ಲೆಂಡಿನ ದಕ್ಷಿಣದಲ್ಲಿರುವ ಎಪ್ಸಮ್ ಎಂಬ ಊರಿನಲ್ಲಿ ಹುಟ್ಟಿದನು. ಹುಡುಗನಾಗಿದ್ದಾಗಲೇ ಲಂಡನ್ ನಗರದ ಕ್ರಿಸ್ಟಲ್ ಪ್ಯಾಲೇಸ್ ತಂಡ ಅವನನ್ನು ತರಬೇತಿಗೆ ಸೇರಿಸಿಕೊಂಡಿತು. ದೊಡ್ಡ ತಂಡ, ದೊಡ್ಡ ಮೈದಾನ. ಹುಡುಗನ ಕಣ್ಣಿನಲ್ಲಿ ದೊಡ್ಡ ಕನಸು. ಆದರೆ ಗೋಲ್‌ಕೀಪರನ ವೃತ್ತಿಯಲ್ಲಿ ಒಂದು ಕಷ್ಟವುಂಟು. ತಂಡದಲ್ಲಿ ಓಡುವವರು ಹತ್ತು ಜನ. ಅವರಲ್ಲಿ ಒಬ್ಬನಿಗೆ ಕಾಲು ಉಳುಕಿದರೆ ಇನ್ನೊಬ್ಬನಿಗೆ ಅವಕಾಶ ಸಿಗುತ್ತದೆ. ಗೋಲಿನಲ್ಲಿ ನಿಲ್ಲುವವನು ಒಬ್ಬನೇ. ಅವನು ಗಟ್ಟಿಮುಟ್ಟಾಗಿದ್ದಷ್ಟು ಕಾಲ ಎರಡನೆಯವನು ಬೆಂಚಿನ ಮೇಲೆಯೇ ಕುಳಿತಿರಬೇಕು. ದಿನವೂ ಅಭ್ಯಾಸ ಮಾಡಬೇಕು, ಮಣ್ಣಿನಲ್ಲಿ ಹೊರಳಬೇಕು, ಮೈಕೈ ನೋಯಿಸಿಕೊಳ್ಳಬೇಕು. ಶನಿವಾರ ಬಂದಾಗ ಅಂಗಿ ತೊಟ್ಟು ಸುಮ್ಮನೆ ಕುಳಿತಿರಬೇಕು. ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಗ್ಲಾಸ್ ವರ್ಷಗಟ್ಟಲೆ ಹೀಗೆಯೇ ಕಾದನು. ಆ ತಂಡದ ಪರವಾಗಿ ಅವನಿಗೆ ಒಂದು ಲೀಗ್ ಪಂದ್ಯವೂ ಸಿಗಲಿಲ್ಲ. ನಡುವೆ ಪೋರ್ಟ್ಸ್‌ಮತ್ ತಂಡಕ್ಕೆ ಎರವಲಾಗಿ ಹೋಗಿ ಮೂರು ಪಂದ್ಯಗಳನ್ನು ಆಡಿ ಮರಳಿದನು.

1996ರಲ್ಲಿ ಆತ ದಕ್ಷಿಣದ ಕಡಲತೀರದ ಬೋರ್ನ್‌ಮತ್ ಊರಿನ ತಂಡವನ್ನು ಸೇರಿದನು. ಅದು ಆಗ ಬಡ ತಂಡ. ಸಾಲದ ಹೊರೆಯಿಂದ ಕುಸಿದುಬಿದ್ದು, 1997ರಲ್ಲಿ ಊರಿನ ಜನರೇ ಸಭೆ ಸೇರಿ ಚಂದಾ ಎತ್ತಿ ಅದನ್ನು ಉಳಿಸಿಕೊಂಡರು. ಅಲ್ಲಿ ಗ್ಲಾಸನಿಗೆ ತನ್ನದೆಂದು ಹೇಳಿಕೊಳ್ಳುವ ಒಂದು ಸ್ಥಾನ ದೊರಕಿತು. ಎರಡು ವರ್ಷಗಳಲ್ಲಿ 90ಕ್ಕೂ ಹೆಚ್ಚು ಲೀಗ್ ಪಂದ್ಯಗಳಲ್ಲಿ ಆತ ಅವರ ಗೋಲನ್ನು ಕಾದನು.

1998ರ ಏಪ್ರಿಲ್ ತಿಂಗಳಿನಲ್ಲಿ ಆ ಸಣ್ಣ ತಂಡಕ್ಕೆ ಒಂದು ದೊಡ್ಡ ದಿನ ಬಂದಿತು. ಕೆಳದರ್ಜೆಯ ತಂಡಗಳಿಗಾಗಿ ನಡೆಸುವ ಪಂದ್ಯಾವಳಿಯೊಂದರ ಅಂತಿಮ ಪಂದ್ಯಕ್ಕೆ ಬೋರ್ನ್‌ಮತ್ ಅರ್ಹತೆ ಪಡೆಯಿತು. ಪಂದ್ಯ ನಡೆದದ್ದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ. ಇಂಗ್ಲೆಂಡಿನ ಪ್ರತಿಯೊಬ್ಬ ಹುಡುಗನೂ ಒಂದು ದಿನವಾದರೂ ಆಡಬೇಕೆಂದು ಹಂಬಲಿಸುವ ಮೈದಾನ ಅದು. 60,000ಕ್ಕೂ ಹೆಚ್ಚು ಜನ ನೆರೆದಿದ್ದರು. ಎದುರಾಳಿ ಗ್ರಿಮ್ಸ್‌ಬಿ ಟೌನ್. ಬೋರ್ನ್‌ಮತ್ ಮೊದಲು ಒಂದು ಗೋಲು ಹೊಡೆದು ಮುಂದಿತ್ತು. ಪಂದ್ಯ ಮುಗಿಯಲು ಕಾಲು ಗಂಟೆಯಷ್ಟು ಉಳಿದಿದ್ದಾಗ ಎದುರಾಳಿಗಳ ದಾಳಿಯಲ್ಲಿ ಚೆಂಡು ಗ್ಲಾಸನಿಗೇ ತಗುಲಿ ಅವನದೇ ಗೋಲಿನೊಳಗೆ ಹೋಯಿತು. ಲೆಕ್ಕದ ಪುಸ್ತಕದಲ್ಲಿ ಅದು ಅವನ ಹೆಸರಿನಲ್ಲಿಯೇ, ಸ್ವಂತ ತಂಡದ ವಿರುದ್ಧ ಹೊಡೆದ ಗೋಲೆಂದು ದಾಖಲಾಯಿತು. ಹೆಚ್ಚುವರಿ ವೇಳೆಯಲ್ಲಿ ಗ್ರಿಮ್ಸ್‌ಬಿ ಇನ್ನೊಂದು ಗೋಲು ಹೊಡೆದು ಗೆದ್ದಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು ಎಂದು ಆಡಿಕೊಳ್ಳಲು ಇನ್ನೇನು ಬೇಕು? ಬೇಕೆಂದು ಮಾಡಿದ ತಪ್ಪಲ್ಲ. ಆದರೂ ಅದರ ಭಾರವನ್ನು ಹೊತ್ತವನು ಅವನೊಬ್ಬನೇ. ಗ್ಲಾಸನ ಹೆಸರಿನಲ್ಲಿ ಬರೆದ ಆ ಗೋಲನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದೆ ಅದರ ಜೊತೆಗೆ ಇನ್ನೊಂದನ್ನು ಇಟ್ಟು ನೋಡಬೇಕಾಗುತ್ತದೆ.

ಅದೇ ವರ್ಷ ಗ್ಲಾಸ್ ಸ್ವಿಂಡನ್ ಟೌನ್ ಎಂಬ ತಂಡಕ್ಕೆ ಹೋದನು. ಅದು ಒಂದು ಮೆಟ್ಟಿಲು ಮೇಲಿನ ತಂಡ. ಆದರೆ ಅಲ್ಲಿ ಕೆಲವು ಪಂದ್ಯಗಳ ನಂತರ ಅವನ ಸ್ಥಾನ ಕೈತಪ್ಪಿತು. ಮತ್ತೆ ಅದೇ ಬೆಂಚು, ಅದೇ ಕಾಯುವಿಕೆ. ವಯಸ್ಸು ಇಪ್ಪತ್ತೈದು ದಾಟಿತ್ತು.

ಈಗ ದೃಶ್ಯ ಬದಲಾಗಿ ಇಂಗ್ಲೆಂಡಿನ ಉತ್ತರದ ಗಡಿಗೆ ಹೋಗೋಣ. ಸ್ವಿಂಡನ್ನಿನಿಂದ 400 ಕಿಲೋಮೀಟರಿಗಿಂತಲೂ ಹೆಚ್ಚು ದೂರದಲ್ಲಿ, ಸ್ಕಾಟ್ಲೆಂಡಿನ ಅಂಚಿನಲ್ಲಿ, ಕಾರ್ಲೈಲ್ ಎಂಬ ನಗರವಿದೆ. ಅದು ಕಾವಲಿಗೆಂದೇ ಹುಟ್ಟಿದ ಊರು. ಕ್ರಿಸ್ತಶಕ 122ರಲ್ಲಿ ರೋಮನ್ ಚಕ್ರವರ್ತಿ ಹೇಡ್ರಿಯನ್ ತನ್ನ ಸಾಮ್ರಾಜ್ಯದ ಎಲ್ಲೆಯನ್ನು ಕಾಯಲು ಕಟ್ಟಿಸತೊಡಗಿದ ಉದ್ದನೆಯ ಗೋಡೆ ಆ ಊರಿನ ಬಳಿಯೇ ಹಾದುಹೋಗುತ್ತದೆ. 1092ರಲ್ಲಿ ಇಂಗ್ಲೆಂಡಿನ ಅರಸ ಎರಡನೆಯ ವಿಲಿಯಂ ಅಲ್ಲಿ ಕೋಟೆಯನ್ನು ಕಟ್ಟಿಸಿದನು. ಆ ಊರಿನ ಫುಟ್‌ಬಾಲ್ ತಂಡ ಕಾರ್ಲೈಲ್ ಯುನೈಟೆಡ್. ಅದು 1928ರಲ್ಲಿ ಲೀಗನ್ನು ಸೇರಿತು. 1974ರಲ್ಲಿ ಒಂದೇ ಒಂದು ವರ್ಷದ ಮಟ್ಟಿಗೆ ದೇಶದ ಅತ್ಯುನ್ನತ ದರ್ಜೆಗೆ ಏರಿ, ಮೊದಲ ಮೂರು ಪಂದ್ಯಗಳನ್ನು ಗೆದ್ದು, ಕೆಲವು ದಿನ ಎಲ್ಲ ತಂಡಗಳಿಗಿಂತ ಮೇಲೆ ನಿಂತಿತ್ತು. ಆ ವೈಭವ ಮುಗಿದು ಇಳಿಜಾರು ಆರಂಭವಾಯಿತು. 1999ರ ವಸಂತದ ಹೊತ್ತಿಗೆ ಅದು ಕೊನೆಯ ದರ್ಜೆಯ ಕೊನೆಯ ಸ್ಥಾನಗಳಲ್ಲಿ ಒದ್ದಾಡುತ್ತಿತ್ತು. 71 ವರ್ಷಗಳಿಂದ ಇದ್ದ ಮನೆಯಿಂದ ಹೊರಬೀಳುವ ಕಾಲ ಸಮೀಪಿಸಿತ್ತು.

ಕಷ್ಟ ಒಂಟಿಯಾಗಿ ಬರುವುದಿಲ್ಲವೆನ್ನುತ್ತಾರೆ. ಕಾರ್ಲೈಲ್ ತಂಡ ತನ್ನ ಗೋಲ್‌ಕೀಪರನನ್ನು ಬೇರೆ ತಂಡಕ್ಕೆ ಮಾರಿತ್ತು. ಅವನ ಜಾಗಕ್ಕೆ ಎರವಲು ತಂದ ಗೋಲ್‌ಕೀಪರನನ್ನು ಅವನ ಮೂಲ ತಂಡ ಹಿಂದಕ್ಕೆ ಕರೆಸಿಕೊಂಡಿತು. ಇನ್ನು ಮೂರು ಪಂದ್ಯಗಳು ಉಳಿದಿವೆ. ಗೋಲಿನಲ್ಲಿ ನಿಲ್ಲಲು ಆಳಿಲ್ಲ. ಆಟಗಾರರನ್ನು ಕೊಡುಕೊಳ್ಳುವ ಅವಧಿಯೂ ಮುಗಿದುಹೋಗಿತ್ತು. ತಂಡದವರು ಲೀಗಿನ ಆಡಳಿತವನ್ನು ಬೇಡಿಕೊಂಡು ವಿಶೇಷ ಅನುಮತಿ ಪಡೆದು, ಸ್ವಿಂಡನ್ನಿನ ಬೆಂಚಿನ ಮೇಲೆ ಕುಳಿತಿದ್ದ ಜಿಮ್ಮಿ ಗ್ಲಾಸನನ್ನು ಎರವಲಾಗಿ ತರಿಸಿಕೊಂಡರು. ಗುರುತು ಪರಿಚಯವಿಲ್ಲದ ಊರು, ಹೆಸರು ಗೊತ್ತಿಲ್ಲದ ಸಂಗಡಿಗರು. ಗ್ಲಾಸ್ ಬಂದನು. ಮೊದಲೆರಡು ಪಂದ್ಯಗಳು ಸಮಸಮವಾಗಿ ಮುಗಿದವು. ಉಳಿದದ್ದು ಒಂದೇ.

1999ನೆಯ ಇಸವಿ ಮೇ 8, ಶನಿವಾರ. ಕಾರ್ಲೈಲ್ ನಗರದ ಬ್ರಂಟನ್ ಪಾರ್ಕ್ ಮೈದಾನ. ಎದುರಾಳಿ ದೂರದ ನೈಋತ್ಯದಿಂದ ಬಂದ ಪ್ಲಿಮತ್ ಆರ್ಗೈಲ್. ನೆರೆದವರು 7,599 ಮಂದಿ. ಎಲ್ಲರ ಲೆಕ್ಕವೂ ಒಂದೇ. ಕಾರ್ಲೈಲಿಗೆ ಆಗ 46 ಅಂಕಗಳು. ಅದಕ್ಕಿಂತ ಒಂದು ಹೆಚ್ಚು, ಎಂದರೆ 47 ಅಂಕಗಳು ಸ್ಕಾರ್‌ಬರೋ ಎಂಬ ಇನ್ನೊಂದು ತಂಡಕ್ಕೆ. ಗೆದ್ದರೆ ಮೂರು ಅಂಕ, ಸಮವಾದರೆ ಒಂದು. ಸ್ಕಾರ್‌ಬರೋ ತಂಡ ಅದೇ ಹೊತ್ತಿನಲ್ಲಿ ತನ್ನ ಊರಿನಲ್ಲಿ ಪೀಟರ್‌ಬರೋ ತಂಡದೊಡನೆ ಆಡುತ್ತಿತ್ತು. ಇಬ್ಬರಲ್ಲಿ ಒಬ್ಬರು ಉಳಿಯಬೇಕು, ಒಬ್ಬರು ಹೋಗಬೇಕು.

ಎರಡನೆಯ ಅರ್ಧದ ಆರಂಭದಲ್ಲಿ ಪ್ಲಿಮತ್ ಒಂದು ಗೋಲು ಹೊಡೆಯಿತು. ಮೈದಾನ ಮೌನವಾಯಿತು. ಸ್ವಲ್ಪ ಹೊತ್ತಿನ ಮೇಲೆ ಕಾರ್ಲೈಲಿನ ನಾಯಕ ಡೇವಿಡ್ ಬ್ರೈಟ್‌ವೆಲ್ ಚೆಂಡನ್ನು ಬಲೆಗೆ ಸೇರಿಸಿ ಸಮ ಮಾಡಿದನು. ಆದರೆ ಸಮವಾದರೆ ಸಾಲದು. ಅತ್ತ ಸ್ಕಾರ್‌ಬರೋ ಪಂದ್ಯವೂ 1-1ರಲ್ಲಿ ನಿಂತಿತ್ತು. ಎರಡೂ ಹಾಗೆಯೇ ಮುಗಿದರೆ ಸ್ಕಾರ್‌ಬರೋಗೆ 48, ಕಾರ್ಲೈಲಿಗೆ 47. ಗಡಿಯಾರದ ಮುಳ್ಳು ಸರಿಯುತ್ತಲೇ ಇತ್ತು. ತೊಂಬತ್ತು ನಿಮಿಷಗಳು ಮುಗಿದವು. ನಡುನಡುವೆ ನಿಂತುಹೋದ ಆಟಕ್ಕೆ ಪ್ರತಿಯಾಗಿ ತೀರ್ಪುಗಾರ ಇನ್ನು ನಾಲ್ಕು ನಿಮಿಷಗಳನ್ನು ಕೂಡಿಸಿದನು. ಸ್ಕಾರ್‌ಬರೋದಲ್ಲಿ ಪಂದ್ಯ ಮುಗಿದೇಹೋಯಿತು. ಅಲ್ಲಿನ ಜನ ಮೈದಾನಕ್ಕೆ ನುಗ್ಗಿ ಕುಣಿಯತೊಡಗಿದರು. ಕೆಲವರು ರೇಡಿಯೋಗೆ ಕಿವಿಗೊಟ್ಟು ಕಾರ್ಲೈಲಿನ ಕೊನೆಯ ಸುದ್ದಿಗಾಗಿ ಕಾದರು.

ಬ್ರಂಟನ್ ಪಾರ್ಕಿನಲ್ಲಿ ಇನ್ನು ಉಳಿದದ್ದು ಸೆಕೆಂಡುಗಳ ಲೆಕ್ಕ. ಆಗ ಕಾರ್ಲೈಲಿಗೆ ಒಂದು ಕಾರ್ನರ್ ಒದೆತ ದೊರಕಿತು. ಇದೇ ಕೊನೆಯ ಅವಕಾಶವೆಂಬುದು ಎಲ್ಲರಿಗೂ ತಿಳಿದಿತ್ತು. ಮೈದಾನದ ಇನ್ನೊಂದು ತುದಿಯಲ್ಲಿ ಗ್ಲಾಸ್ ತನ್ನ ಗೋಲಿನ ಮುಂದೆ ನಿಂತಿದ್ದನು. ಆತ ತಂಡದ ವ್ಯವಸ್ಥಾಪಕ ನೈಜೆಲ್ ಪಿಯರ್ಸನ್ನನ ಕಡೆಗೆ ನೋಡಿದನು. ಪಿಯರ್ಸನ್ ಕೈ ಬೀಸಿ ಮುಂದಕ್ಕೆ ಹೋಗೆಂದು ಸನ್ನೆ ಮಾಡಿದನು. ಗ್ಲಾಸ್ ಓಡತೊಡಗಿದನು. ತಾನು ಕಾಯಬೇಕಾದ ಬಾಗಿಲನ್ನು ಹಾಗೆಯೇ ತೆರೆದಿಟ್ಟು, ಇಡೀ ಮೈದಾನವನ್ನು ದಾಟಿ, ಎದುರಾಳಿಯ ಗೋಲಿನ ಮುಂದೆ ಗುಂಪುಗೂಡಿದ್ದವರ ನಡುವೆ ಬಂದು ಸೇರಿದನು.

ಇಲ್ಲಿ ನಾವು ಒಂದು ಗಳಿಗೆ ನಿಂತು ಯೋಚಿಸಬೇಕು. ಕಾವಲುಗಾರ ತನ್ನ ಸ್ಥಳವನ್ನು ಬಿಟ್ಟು ಹೋಗುವುದು ತಪ್ಪಲ್ಲವೇ? ಬೇರೆ ಯಾವ ಹೊತ್ತಿನಲ್ಲಾದರೂ ಅದು ದೊಡ್ಡ ತಪ್ಪೇ ಸರಿ. ಪಂದ್ಯದ ಹತ್ತನೆಯ ನಿಮಿಷದಲ್ಲಿ ಗ್ಲಾಸ್ ಹೀಗೆ ಓಡಿದ್ದರೆ ಜನ ಅವನನ್ನು ಹುಚ್ಚನೆನ್ನುತ್ತಿದ್ದರು. ಆದರೆ ಆ ಗಳಿಗೆಯಲ್ಲಿ ಗೋಲನ್ನು ಕಾಯುವುದರಿಂದ ಉಳಿಯುವುದು ಏನೂ ಇರಲಿಲ್ಲ. ಇನ್ನೊಂದು ಗೋಲನ್ನು ಎದುರಾಳಿ ಹೊಡೆದರೂ ಕಾರ್ಲೈಲ್ ಹೊರಗೆ, ಹೊಡೆಯದಿದ್ದರೂ ಹೊರಗೆ. ಸ್ಥಳವನ್ನು ಬಿಡದೆ ಕಾಯುವುದು ಕಾವಲುಗಾರನ ಧರ್ಮ. ಆದರೆ ತಾನು ಕಾಯುತ್ತಿರುವುದು ಯಾವುದನ್ನು ಎಂಬ ಅರಿವು ಅದಕ್ಕಿಂತ ದೊಡ್ಡ ಧರ್ಮ. ಗ್ಲಾಸ್ ಕಾಯುತ್ತಿದ್ದದ್ದು ಎರಡು ಕಂಬಗಳ ನಡುವಿನ ಖಾಲಿ ಜಾಗವನ್ನಲ್ಲ, ಒಂದು ಊರಿನ ತಂಡವನ್ನು. ಆ ತಂಡ ಉಳಿಯುವ ದಾರಿ ಮೈದಾನದ ಆಚೆಯ ತುದಿಯಲ್ಲಿತ್ತು. ಅದನ್ನು ಕಂಡು, ಕೇಳಿ, ಒಪ್ಪಿಗೆ ಪಡೆದು ಆತ ಓಡಿದನು. ದುಡುಕಿಗೂ ಧೈರ್ಯಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಗ್ರಹಾಂ ಆಂಟನಿ ಎಂಬ ಆಟಗಾರ ಮೂಲೆಯಿಂದ ಚೆಂಡನ್ನು ಎತ್ತಿ ಒದ್ದನು. ಸ್ಕಾಟ್ ಡೋಬಿ ಎಂಬವನು ಹಾರಿ ತಲೆಯಿಂದ ಗೋಲಿನ ಕಡೆಗೆ ಹೊಡೆದನು. ಪ್ಲಿಮತ್ ತಂಡದ ಗೋಲ್‌ಕೀಪರ್ ಅದನ್ನು ತಡೆದನು. ತಡೆದ ಚೆಂಡು ಅವನ ಕೈಯಲ್ಲಿ ನಿಲ್ಲದೆ ಮುಂದಕ್ಕೆ ಪುಟಿಯಿತು. ಅದು ಪುಟಿದು ಬಂದ ಜಾಗದಲ್ಲಿ ನಿಂತಿದ್ದವನು ಜಿಮ್ಮಿ ಗ್ಲಾಸ್. ಬದುಕೆಲ್ಲ ಚೆಂಡನ್ನು ಕೈಯಿಂದ ಹಿಡಿದವನು ಈಗ ಬಲಗಾಲಿನಿಂದ ಒದ್ದನು. ಚೆಂಡು ಬಲೆಯೊಳಗೆ ಸೇರಿತು.

ಅನಂತರ ನಡೆದುದನ್ನು ಬಣ್ಣಿಸುವುದು ಕಷ್ಟ. ಜನಸಾಗರ ಮೈದಾನಕ್ಕೆ ಉಕ್ಕಿ ಹರಿಯಿತು. ಸಂಗಡಿಗರು ಅವನ ಮೇಲೆ ಬಿದ್ದು ಅಪ್ಪಿಕೊಂಡರು. ಅವರನ್ನೆಲ್ಲ ಬದಿಗೆ ಸರಿಸಿ ಆಟವನ್ನು ಮತ್ತೆ ಆರಂಭಿಸಿ, ಕೊಂಚ ಹೊತ್ತಿನಲ್ಲಿಯೇ ತೀರ್ಪುಗಾರ ಕೊನೆಯ ಸೀಟಿಯನ್ನು ಊದಿದನು. ಕಾರ್ಲೈಲ್ 2, ಪ್ಲಿಮತ್ 1. ಕಾರ್ಲೈಲಿಗೆ 49 ಅಂಕಗಳು, ಸ್ಕಾರ್‌ಬರೋಗೆ 48. ಮೂರೇ ಪಂದ್ಯಗಳಿಗೆಂದು ಎರವಲು ಬಂದವನು 71 ವರ್ಷಗಳ ಮನೆಯನ್ನು ಉಳಿಸಿಕೊಟ್ಟನು. ಒಂದು ವರ್ಷದ ಹಿಂದೆ ವೆಂಬ್ಲಿಯಲ್ಲಿ ಚೆಂಡು ಅವನಿಗೆ ತಗುಲಿ ಹೋಗಬಾರದ ಬಲೆಗೆ ಹೋಗಿತ್ತು. ಇಂದು ಹೋಗಲೇಬೇಕಾದ ಬಲೆಗೆ ಹೋಯಿತು. ಎರಡು ದಿನವೂ ಆತ ಅದೇ ಮನುಷ್ಯ. ಮೊದಲನೆಯ ದಿನ ಅವನು ಕೆಟ್ಟ ಆಟಗಾರನಾಗಿರಲಿಲ್ಲ. ಎರಡನೆಯ ದಿನ ಅವನು ದೇವರಾಗಲಿಲ್ಲ. ಮೊದಲನೆಯ ದಿನದ ನೋವಿಗೆ ಅಂಜಿ ಕೈಚೆಲ್ಲಿ ಕುಳಿತಿದ್ದರೆ ಎರಡನೆಯ ದಿನ ಅವನ ಪಾಲಿಗೆ ಬರುತ್ತಿರಲಿಲ್ಲ ಎಂಬುದಷ್ಟೇ ನಿಜ.

ಕಥೆಯನ್ನು ಇಲ್ಲಿಯೇ ಮುಗಿಸಿದರೆ ಕೇಳಲು ಸೊಗಸು. ಆದರೆ ಅದು ಅರ್ಧ ಸತ್ಯವಾದೀತು. ಅದೇ ಗಳಿಗೆಯಲ್ಲಿ ಸ್ಕಾರ್‌ಬರೋ ಊರಿನ ಮೈದಾನದಲ್ಲಿ ಕುಣಿಯುತ್ತಿದ್ದವರ ಕಾಲುಗಳು ನಿಂತುಹೋದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ತಂಡ 1879ರಲ್ಲಿ ಹುಟ್ಟಿದ್ದು. 1987ಕ್ಕೆ ಮೊದಲು ಹೊರಗಿನ ತಂಡಗಳು ಲೀಗಿಗೆ ಬರಬೇಕಾದರೆ ಒಳಗಿನವರ ಮತ ಬೇಕಾಗಿತ್ತು. ಆ ವರ್ಷ ಗೆದ್ದವರಿಗೆ ನೇರವಾಗಿ ಬಾಗಿಲು ತೆರೆಯುವ ನಿಯಮ ಬಂದಾಗ ಮೊದಲು ಒಳಗೆ ಬಂದ ತಂಡ ಸ್ಕಾರ್‌ಬರೋ. ಹನ್ನೆರಡು ವರ್ಷಗಳ ಮೇಲೆ ಅದೇ ಬಾಗಿಲಿನಿಂದ ಅದು ಹೊರಗೆ ಹೋಯಿತು. ಅನಂತರ ಅದು ಲೀಗಿಗೆ ಮರಳಲೇ ಇಲ್ಲ. ಸಾಲ ಬೆಳೆಯಿತು, 2007ರಲ್ಲಿ ತಂಡವನ್ನೇ ಮುಚ್ಚಿಬಿಟ್ಟರು. ಆದರೂ ಆ ಊರಿನ ಜನ ಸೋತು ಸುಮ್ಮನಾಗಲಿಲ್ಲ. ಅಭಿಮಾನಿಗಳೇ ಸೇರಿ ಅದೇ ವರ್ಷ ಸ್ಕಾರ್‌ಬರೋ ಅಥ್ಲೆಟಿಕ್ ಎಂಬ ಹೊಸ ತಂಡವನ್ನು ಕಟ್ಟಿದರು. ಊರಿನಲ್ಲಿ ಮೈದಾನವಿಲ್ಲದೆ ಹತ್ತು ವರ್ಷ ನೆರೆಯ ಊರಿನಲ್ಲಿ ಆಡಿ, 2017ರಲ್ಲಿ ಆ ತಂಡ ತನ್ನ ಊರಿಗೆ ಮರಳಿತು. ಒಬ್ಬರ ಗೆಲುವಿನ ಹಿಂದೆ ಇನ್ನೊಬ್ಬರ ಕಣ್ಣೀರಿರುತ್ತದೆ. ಗೆದ್ದವರು ಅದನ್ನು ಮರೆಯಬಾರದು.

ಜಿಮ್ಮಿ ಗ್ಲಾಸನ ಮುಂದಿನ ಬಾಳು ಹೇಗೆ ಸಾಗಿತು? ಆ ಗೋಲಿನ ದೃಶ್ಯವನ್ನು ಇಂಗ್ಲೆಂಡಿನ ಜನ ಮತ್ತೆ ಮತ್ತೆ ದೂರದರ್ಶನದಲ್ಲಿ ನೋಡಿದರು. ದೊಡ್ಡ ತಂಡವೊಂದು ಅವನನ್ನು ಕೈಹಿಡಿದು ಕರೆದುಕೊಂಡು ಹೋಗಿ ಮೆರೆಸಿತೆಂದು ನೀವು ಊಹಿಸಬಹುದು. ಹಾಗೆ ಆಗಲಿಲ್ಲ. ಎರವಲಿನ ಅವಧಿ ಮುಗಿಯಿತು. ಕಾರ್ಲೈಲಿನಲ್ಲಿ ಆತ ಉಳಿಯಲಿಲ್ಲ. ಆ ತಂಡಕ್ಕೆ ಆತ ಆಡಿದ್ದು ಒಟ್ಟು ಮೂರೇ ಪಂದ್ಯಗಳು. ಅನಂತರ ಕೇಂಬ್ರಿಡ್ಜ್, ಬ್ರೆಂಟ್‌ಫರ್ಡ್, ಆಕ್ಸ್‌ಫರ್ಡ್ ಊರುಗಳ ತಂಡಗಳಲ್ಲಿ ಇದ್ದು, ಲೀಗಿನ ಹೊರಗಿನ ಸಣ್ಣ ತಂಡಗಳಲ್ಲಿಯೂ ಆಡಿದನು. ಎಷ್ಟೋ ಗೋಲ್‌ಕೀಪರುಗಳು ನಲವತ್ತರವರೆಗೆ ಆಡುತ್ತಾರೆ. ಗ್ಲಾಸ್ ಮೂವತ್ತಕ್ಕೆ ಮೊದಲೇ ಪೂರ್ಣಕಾಲದ ವೃತ್ತಿಯಿಂದ ಹಿಂದೆ ಸರಿದನು. ಒಂದು ಒದೆತ ಊರನ್ನು ಉಳಿಸಿತೇ ಹೊರತು ಒದ್ದವನ ಮನೆಯ ಒಲೆಯನ್ನು ಉರಿಸಲಿಲ್ಲ. ಆತ ಇಂಗ್ಲೆಂಡಿನ ದಕ್ಷಿಣದ ಡಾರ್ಸೆಟ್ ಪ್ರಾಂತದಲ್ಲಿ ಟ್ಯಾಕ್ಸಿ ಓಡಿಸಿ ಜೀವನ ಸಾಗಿಸಿದನು. 2004ರಲ್ಲಿ ತನ್ನ ಆತ್ಮಕಥೆಯನ್ನು ಬರೆದು ಪ್ರಕಟಿಸಿದನು. ಮುಂದೆ ತನ್ನ ಹಳೆಯ ತಂಡವಾದ ಬೋರ್ನ್‌ಮತ್ ಅವನನ್ನು ಮತ್ತೆ ಕರೆದು ಆಟಗಾರರ ಬೇಕುಬೇಡಗಳನ್ನು ನೋಡಿಕೊಳ್ಳುವ ಕೆಲಸವನ್ನು ಕೊಟ್ಟಿತು. ಒಂದು ಕಾಲದಲ್ಲಿ ಜನರ ಚಂದಾ ಹಣದಿಂದ ಉಳಿದ ಆ ಬಡ ತಂಡ ಅಷ್ಟು ಹೊತ್ತಿಗೆ ಅತ್ಯುನ್ನತ ದರ್ಜೆಗೆ ಏರಿತ್ತು.

ಕಾರ್ಲೈಲ್ ತಂಡವಾದರೂ ಶಾಶ್ವತವಾಗಿ ಉಳಿಯಿತೇ? ಅದೂ ಇಲ್ಲ. 2004ರಲ್ಲಿ ಅದು ಲೀಗಿನಿಂದ ಹೊರಬಿದ್ದು, ಒಂದೇ ವರ್ಷದಲ್ಲಿ ಛಲದಿಂದ ಮರಳಿ ಬಂದಿತು. 2025ರಲ್ಲಿ ಮತ್ತೊಮ್ಮೆ ಹೊರಬಿದ್ದಿತು. ಹಾಗಾದರೆ ಗ್ಲಾಸ್ ಉಳಿಸಿದ್ದು ಏನನ್ನು ಎಂದು ಯಾರಾದರೂ ಕೇಳಬಹುದು. ಆತ ಐದು ವರ್ಷಗಳನ್ನು ಉಳಿಸಿದನು. ಆ ಐದು ವರ್ಷಗಳ ಶನಿವಾರಗಳನ್ನು ಒಂದು ಊರಿಗೆ ಕೊಟ್ಟನು. ವೈದ್ಯನು ಉಳಿಸಿದ ಜೀವವೂ ಎಂದಾದರೊಂದು ದಿನ ಹೋಗತಕ್ಕದ್ದೇ. ಅದರಿಂದ ವೈದ್ಯನ ಶ್ರಮ ವ್ಯರ್ಥವೆಂದು ಯಾರೂ ಹೇಳುವುದಿಲ್ಲ. ಕಾಯುವವರ ಕೆಲಸದ ಸ್ವರೂಪವೇ ಹೀಗೆ. ಅದು ಮುಗಿಯುವುದಿಲ್ಲ, ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಸಾಗುತ್ತ ಹೋಗುತ್ತದೆ.

ಲೋಕ ಗ್ಲಾಸನನ್ನು ಆ ಒಂದು ಗಳಿಗೆಯಿಂದ ನೆನೆಯುತ್ತದೆ. ಆ ಗಳಿಗೆಯನ್ನು ಅದೃಷ್ಟವೆಂದು ಕರೆಯುವವರೂ ಉಂಟು. ಚೆಂಡು ಅವನಿದ್ದ ಕಡೆಗೇ ಪುಟಿದದ್ದು ಅದೃಷ್ಟವೇ ಇರಬಹುದು. ಆದರೆ ಪುಟಿದ ಚೆಂಡಿನ ಮುಂದೆ ಅವನು ಇದ್ದದ್ದು ಅದೃಷ್ಟವಲ್ಲ. ಕ್ರಿಸ್ಟಲ್ ಪ್ಯಾಲೇಸಿನ ಬೆಂಚಿನ ಮೇಲೆ ಕಾದ ವರ್ಷಗಳು, ಬೋರ್ನ್‌ಮತ್ತಿನ ಮಳೆಯಲ್ಲಿ ಹೊರಳಿದ ದಿನಗಳು, ವೆಂಬ್ಲಿಯಲ್ಲಿ ತಲೆತಗ್ಗಿಸಿ ಹೊರಬಂದ ಸಂಜೆ, ಗುರುತಿಲ್ಲದ ಊರಿಗೆ ಮೂರು ಪಂದ್ಯಗಳಿಗಾಗಿ ಹೊರಟುಬಂದ ಮನಸ್ಸು, ಇವೆಲ್ಲ ಸೇರಿ ಅವನನ್ನು ಆ ಜಾಗಕ್ಕೆ ತಂದು ನಿಲ್ಲಿಸಿದವು.

ಪ್ರತಿಯೊಂದು ಊರಿನಲ್ಲಿಯೂ ಪ್ರತಿಯೊಂದು ಕೆಲಸದಲ್ಲಿಯೂ ಇಂಥ ಕಾವಲುಗಾರರು ಇದ್ದಾರೆ. ರಾತ್ರಿಯೆಲ್ಲ ಎಚ್ಚರವಾಗಿದ್ದು ರೈಲಿಗೆ ದಾರಿ ಬಿಡುವವರು, ಆಸ್ಪತ್ರೆಯಲ್ಲಿ ರೋಗಿಯ ಉಸಿರನ್ನು ಎಣಿಸುವವರು, ಅಣೆಕಟ್ಟಿನ ನೀರಿನ ಮಟ್ಟವನ್ನು ಅಳೆಯುವವರು. ಅವರ ಹೆಸರನ್ನು ಯಾರೂ ಕೂಗುವುದಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಗ್ಲಾಸನಿಗೆ ಬಂದಂಥ ಗಳಿಗೆ ಎಂದೂ ಬರುವುದಿಲ್ಲ. ಬಾರದಿದ್ದರೂ ಅವರು ತಮ್ಮ ಸ್ಥಳದಲ್ಲಿ ಎಚ್ಚರವಾಗಿಯೇ ಇರುತ್ತಾರೆ. ಮುಂದೆ ನೀವು ಫುಟ್‌ಬಾಲ್ ಆಟವನ್ನು ನೋಡುವಾಗ ಒಮ್ಮೆ ಚೆಂಡಿನಿಂದ ಕಣ್ಣನ್ನು ಕಿತ್ತು, ಮೈದಾನದ ತುದಿಯಲ್ಲಿ ಒಂಟಿಯಾಗಿ ನಿಂತವನ ಕಡೆಗೂ ನೋಡಿರಿ.

ಅಭ್ಯಾಸ

ಅ. ಕೆಳಗಿನ ಪ್ರಶ್ನೆಗಳಿಗೆ ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ಫುಟ್‌ಬಾಲ್ ಲೀಗ್ ಎಷ್ಟು ತಂಡಗಳಿಂದ, ಯಾವ ವರ್ಷ ಆರಂಭವಾಯಿತು?
2. 1912ರ ನಿಯಮ ಗೋಲ್‌ಕೀಪರನಿಗೆ ಯಾವ ಮಿತಿಯನ್ನು ಹಾಕಿತು?
3. ಕಾರ್ಲೈಲ್ ತಂಡ ಗ್ಲಾಸನನ್ನು ಎಲ್ಲಿಂದ ಎರವಲು ಪಡೆಯಿತು?

ಆ. ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿರಿ:
1. ಗೋಲ್‌ಕೀಪರನನ್ನು ಹೊಲ ಕಾಯುವವನಿಗೆ ಲೇಖಕರು ಏಕೆ ಹೋಲಿಸಿದ್ದಾರೆ?
2. ಲೀಗಿನಿಂದ ಹೊರಬಿದ್ದ ತಂಡಕ್ಕೆ ಒದಗುವ ಕಷ್ಟಗಳಾವುವು?
3. 1999ರ ಮೇ 8ರಂದು ಪಂದ್ಯ ಸಮವಾದರೆ ಕಾರ್ಲೈಲಿಗೆ ಏಕೆ ಸಾಲುತ್ತಿರಲಿಲ್ಲ?

ಇ. ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ:
1. ಗ್ಲಾಸ್ ತನ್ನ ಸ್ಥಳವನ್ನು ಬಿಟ್ಟು ಓಡಿದ್ದು ದುಡುಕೋ ಧೈರ್ಯವೋ? ನಿಮ್ಮ ಅಭಿಪ್ರಾಯವನ್ನು ಕಾರಣಸಹಿತವಾಗಿ ಬರೆಯಿರಿ.
2. ಅದೇ ದಿನದ ಕಥೆಯನ್ನು ಸ್ಕಾರ್‌ಬರೋ ಊರಿನ ಒಬ್ಬ ಅಭಿಮಾನಿ ಹೇಳುವಂತೆ ಬರೆಯಿರಿ.

ಈ. ಸಂದರ್ಭವನ್ನು ವಿವರಿಸಿರಿ:
1. "ಒಂದು ಒದೆತ ಊರನ್ನು ಉಳಿಸಿತೇ ಹೊರತು ಒದ್ದವನ ಮನೆಯ ಒಲೆಯನ್ನು ಉರಿಸಲಿಲ್ಲ."

ಉ. ಈ ಗಾದೆಯನ್ನು ವಿಸ್ತರಿಸಿರಿ: ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಊ. ಇವುಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ: ಕೈಚೆಲ್ಲು, ಸಂಚಕಾರ, ಕಿವಿಗೊಡು, ತಲೆತಗ್ಗಿಸು.